ಜಗುಲಿಗೊಂದು ಬಾಗಿಲು, ನಡುಮನೆಗೊಂದು ಬಾಗಿಲು

ಕಳೆದ ತಿಂಗಳು ಒಂಬತ್ತನೇ ತರಗತಿಯ ಹುಡುಗನೊಬ್ಬ ಪ್ರಯೋಗಾಲಯದ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದ. "ಸಾರ್, ನಮ್ಮನೆ ರೂಟರ್‌ನಲ್ಲಿ ಡಿಎಂಜೆಡ್ ಆನ್ ಮಾಡಿದೀನಿ. ಈಗ ಗೇಮು ಸಕತ್ತಾಗಿ ಓಡ್ತಿದೆ" ಎಂದ. ಮುಖದಲ್ಲಿ ಏನೋ ಸಾಧಿಸಿದ ಕಳೆ.

"ಡಿಎಂಜೆಡ್ ಅಂದ್ರೆ ಏನಪ್ಪಾ?" ಎಂದು ಕೇಳಿದೆ.

"ಪ್ರೊಟೆಕ್ಷನ್ ಸಾರ್. ಅದರಲ್ಲಿ ಮಿಲಿಟರಿ ಅಂತ ಬರುತ್ತಲ್ಲ!"

ನಗು ಬಂತು. ಜೊತೆಗೆ ಎದೆ ಸ್ವಲ್ಪ ಧಸಕ್ಕೆಂದಿತು. ಏಕೆಂದರೆ ಇದೇ ಮೂರು ಅಕ್ಷರಗಳನ್ನು ನಂಬಿ ನಮ್ಮ ಶಾಲೆಯ ಕಛೇರಿ 2023ರ ಜೂನ್ ತಿಂಗಳಲ್ಲಿ ಪಟ್ಟ ಪಾಡು ನನಗೆ ಇನ್ನೂ ಮರೆತಿಲ್ಲ.

ಆಗ ಹತ್ತನೇ ತರಗತಿ ಮುಗಿಸಿದ ಮಕ್ಕಳು ಟಿ.ಸಿ. ಪಡೆಯಲು ಬರುವ ದಿನಗಳು. ಪಿ.ಯು. ಕಾಲೇಜಿಗೆ ಸೇರುವ ಅವಸರ, ಕಛೇರಿಯ ಮುಂದೆ ತಂದೆ ತಾಯಂದಿರ ಸಾಲು. ಒಂದು ಸೋಮವಾರ ಬೆಳಿಗ್ಗೆ ಗುಮಾಸ್ತರು ಕಂಪ್ಯೂಟರ್ ತೆರೆದರೆ ಒಂದು ಕಡತವೂ ತೆರೆಯಲೊಲ್ಲದು. ದಾಖಲಾತಿ, ಅಂಕಪಟ್ಟಿ, ವಿದ್ಯಾರ್ಥಿವೇತನದ ಪಟ್ಟಿ ಎಲ್ಲದರ ಹೆಸರಿನ ಕೊನೆಗೂ ಯಾವುದೋ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಬಿಟ್‌ಕಾಯಿನ್ ರೂಪದಲ್ಲಿ ಹಣ ಕೊಟ್ಟರೆ ಕಡತಗಳನ್ನು ಬಿಡಿಸಿ ಕೊಡುತ್ತೇವೆ. ಯಾರೋ ದೂರದಿಂದಲೇ ನಮ್ಮ ಕಪಾಟಿಗೆ ತಮ್ಮ ಬೀಗ ಜಡಿದಿದ್ದರು. ಆಡಳಿತ ಮಂಡಳಿಯವರು ಹಣ ಕೊಡಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು. ಗುಮಾಸ್ತರು ಫೆಬ್ರವರಿಯಲ್ಲಿ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟಿದ್ದು ಸಿಕ್ಕಿತು. ಅದರಾಚೆಗಿನದನ್ನೆಲ್ಲ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ನಾವು ಐದು ಮಂದಿ ಕುಳಿತು ಕೈಯಲ್ಲೇ ಬರೆದೆವು. ಅದಕ್ಕೆ ಒಂದು ವಾರ ಹಿಡಿಯಿತು. ಸಾಲಿನಲ್ಲಿ ನಿಂತ ತಾಯಿಯೊಬ್ಬರು ಎರಡು ದಿನದ ಕೂಲಿ ಕಳೆದುಕೊಂಡೆ ಎಂದಾಗ ನಮ್ಮಲ್ಲಿ ಯಾರೂ ತಲೆಯೆತ್ತಲಿಲ್ಲ.

ಕಳ್ಳ ಒಳಗೆ ಬಂದದ್ದು ಹೇಗೆ? ಆಮೇಲೆ ಹೇಳುತ್ತೇನೆ. ಮೊದಲು ಬಾಗಿಲುಗಳ ವಿಷಯ ತಿಳಿಯಬೇಕು.

ಅಂತರ್ಜಾಲದಲ್ಲಿ ಏನೇ ಹೋಗಲಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ, ಜೊತೆಗೆ ಪೋರ್ಟ್ ಎಂಬ ಒಂದು ಸಂಖ್ಯೆ ಇರುತ್ತದೆ. ಅಂಚೆ ಕಛೇರಿಯಲ್ಲಿ ಮನಿಯಾರ್ಡರಿಗೆ ಒಂದು ಕೌಂಟರು, ಉಳಿತಾಯ ಖಾತೆಗೆ ಇನ್ನೊಂದು ಕೌಂಟರು ಇರುತ್ತದಲ್ಲ, ಹಾಗೆ. ಕಟ್ಟಡ ಒಂದೇ, ಕೌಂಟರು ಬೇರೆ. ಬ್ಯಾಂಕಿನ ಜಾಲತಾಣ 443ನೇ ಕೌಂಟರಿನಲ್ಲಿ ಮಾತನಾಡುತ್ತದೆ. ದೂರದಿಂದ ವಿಂಡೋಸ್ ಕಂಪ್ಯೂಟರನ್ನು ನಡೆಸುವ ರಿಮೋಟ್ ಡೆಸ್ಕ್‌ಟಾಪ್ 3389ರಲ್ಲಿ. ಈ ಸಂಖ್ಯೆಗೆ 16 ಬಿಟ್‌ಗಳ ಜಾಗ ಇರುವುದರಿಂದ ಅದು 65,535ರ ವರೆಗೆ ಹೋಗಬಹುದು. ಏಕೆ ಅಷ್ಟೇ ಎಂಬುದನ್ನು 2ರ ಘಾತಗಳನ್ನು ಕಲಿತ ಮಕ್ಕಳು ತಾವೇ ಲೆಕ್ಕ ಹಾಕಿ ನೋಡಿ.

ಫೈರ್‌ವಾಲ್ ಎಂದರೆ ಮೂಲದಲ್ಲಿ ಕಟ್ಟಡದ ಒಂದು ಭಾಗಕ್ಕೆ ಹತ್ತಿದ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆ. ಕಂಪ್ಯೂಟರ್ ಜಾಲದಲ್ಲಿ ಅದು ಪೊಟ್ಟಣದ ಮೇಲಿನ ವಿಳಾಸ ಮತ್ತು ಪೋರ್ಟ್ ಓದಿ, ಇದನ್ನು ಬಿಡು, ಅದನ್ನು ತಡೆ ಎಂದು ನಿರ್ಧರಿಸುವ ಕಾವಲುಗಾರ. ಅಂತರ್ಜಾಲದ ಆರಂಭದ ದಿನಗಳಲ್ಲಿ ಇಂಥ ಕಾವಲು ಇರಲಿಲ್ಲ. ವಿಶ್ವವಿದ್ಯಾಲಯಗಳು ಒಂದನ್ನೊಂದು ನಂಬಿಕೊಂಡಿದ್ದವು. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ಕ್ರಮವಿಧಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಹಬ್ಬಿ, ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳನ್ನು ಕುಂಟಿಸಿತು. ನಂಬಿಕೆಯ ಜಾಗದಲ್ಲಿ ಗೋಡೆ ಬೇಕೆಂಬ ಮಾತು ಜೋರಾದದ್ದು ಅಲ್ಲಿಂದ.

ನಿಮ್ಮ ಮನೆಯ ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕುಳಿತಿರುವ ರೂಟರಿನೊಳಗೂ ಒಂದು ಸಣ್ಣ ಫೈರ್‌ವಾಲ್ ಇದೆ. ಅದರ ಬುದ್ಧಿ ಸರಳ. ಒಳಗಿನವರು ಯಾರನ್ನಾದರೂ ಮಾತನಾಡಿಸಿದರೆ ಅದನ್ನು ಗುರುತು ಹಾಕಿಕೊಳ್ಳುತ್ತದೆ, ಅದಕ್ಕೆ ಬರುವ ಉತ್ತರವನ್ನು ಒಳಗೆ ಬಿಡುತ್ತದೆ. ಒಳಗಿನವರು ಕರೆಯದೆ ತಾನಾಗಿ ಬಂದು ಬಾಗಿಲು ಬಡಿದವನಿಗೆ ಉತ್ತರವನ್ನೇ ಕೊಡುವುದಿಲ್ಲ. ಸಾಮಾನ್ಯ ಸಂಸಾರಕ್ಕೆ ಇಷ್ಟು ಸಾಕು.

ಸಾಕಾಗದೆ ಹೋಗುವುದು ಯಾವಾಗ ಎಂದರೆ, ಹೊರಗಿನವರು ಬರಲೇಬೇಕಾದಾಗ. ಕಾಲೇಜು ತನ್ನ ಜಾಲತಾಣವನ್ನು ತನ್ನದೇ ಕಂಪ್ಯೂಟರಿನಲ್ಲಿ ಇಟ್ಟಿದೆ ಎನ್ನಿ. ಲೋಕವೆಲ್ಲ ಅದನ್ನು ನೋಡಬೇಕು. ಆದರೆ ಅದೇ ಜಾಲದಲ್ಲಿ ಅಂಕಗಳ ಕಂಪ್ಯೂಟರೂ ಇದೆ. ಬಾಗಿಲು ತೆರೆದರೆ ಕಳ್ಳ ಬರುತ್ತಾನೆ, ಮುಚ್ಚಿದರೆ ನೆಂಟರೂ ಬರುವುದಿಲ್ಲ.

ಈ ಸಮಸ್ಯೆಯನ್ನು ನಮ್ಮ ಹಳೆಯ ಮನೆ ಕಟ್ಟಿದವರು ಎಂದೋ ಬಿಡಿಸಿದ್ದರು. ನಮ್ಮಜ್ಜಿಯ ಮನೆಯಲ್ಲಿ ಬೀದಿಗೂ ನಡುಮನೆಗೂ ನಡುವೆ ಜಗುಲಿ ಇತ್ತು. ಬಳೆಗಾರ ಬಂದರೆ ಜಗುಲಿಯ ಮೇಲೆ ಮಲಾರ ಇಳಿಸುತ್ತಿದ್ದ. ಮನೆಯ ಹೆಂಗಸರು ಒಳಗಿನಿಂದ ಜಗುಲಿಗೆ ಬಂದು ಬಳೆ ತೊಟ್ಟು ಒಳಗೆ ಹೋಗುತ್ತಿದ್ದರು. ಬಳೆಗಾರ ಒಳಗೆ ಕಾಲಿಡುತ್ತಿರಲಿಲ್ಲ. ಮನೆಯವರಿಗೆ ಜಗುಲಿಗೆ ಬರಲು ತಡೆಯಿಲ್ಲ, ಬೀದಿಯವನಿಗೂ ಜಗುಲಿಗೆ ಬರಲು ತಡೆಯಿಲ್ಲ, ಆದರೆ ಜಗುಲಿಯಿಂದ ನಡುಮನೆಗೆ ಹೋಗುವ ಬಾಗಿಲು ಮಾತ್ರ ಒಳಗಿನವರು ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. (ಆ ಕಾಲದಲ್ಲಿ ಜಾತಿ ನೋಡಿ ಜಗುಲಿಗೂ ಹತ್ತಿಸದ ಅನ್ಯಾಯ ಇತ್ತು. ಆ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಫೈರ್‌ವಾಲ್ ಕೇಳುವುದು ವಿಳಾಸ ಮತ್ತು ಪೋರ್ಟನ್ನು ಮಾತ್ರ.)

ಜಾಲದಲ್ಲಿ ಈ ಜಗುಲಿಗೇ ಡಿಎಂಜೆಡ್ ಎಂದು ಹೆಸರು. ಸೇನೆಯಿಲ್ಲದ ವಲಯ ಎಂದು ಅರ್ಥ. ಹೆಸರು ಬಂದದ್ದು ಯುದ್ಧಭೂಮಿಯಿಂದ. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಾಗ ಉತ್ತರ ದಕ್ಷಿಣಗಳ ಸೇನೆಗಳು ಎರಡೆರಡು ಕಿಲೋಮೀಟರ್ ಹಿಂದೆ ಸರಿದು ನಡುವೆ 4 ಕಿಲೋಮೀಟರ್ ಅಗಲದ ಪಟ್ಟಿಯೊಂದನ್ನು ಬಿಟ್ಟವು. ಆ ಕಡೆಯದೂ ಅಲ್ಲ, ಈ ಕಡೆಯದೂ ಅಲ್ಲ. ಆ ಪಟ್ಟಿಯ ಎರಡು ಅಂಚಿನಲ್ಲಿರುವಷ್ಟು ಬಿಗಿ ಕಾವಲು ಲೋಕದಲ್ಲಿ ಕೆಲವೇ ಕಡೆ ಇದ್ದೀತು. ಜಾಲದ ಡಿಎಂಜೆಡ್‌ನಲ್ಲೂ ಮುಖ್ಯವಾದದ್ದು ಪಟ್ಟಿಯಲ್ಲ, ಅದರ ಎರಡು ಅಂಚಿನ ಕಾವಲು. ಜಗುಲಿಯಲ್ಲಿಟ್ಟ ಕಂಪ್ಯೂಟರ್ ಕಳ್ಳನ ಕೈಗೆ ಸಿಕ್ಕರೂ ಸಿಕ್ಕೀತು ಎಂದು ಮೊದಲೇ ಒಪ್ಪಿಕೊಂಡು, ಸಿಕ್ಕಿದರೂ ನಡುಮನೆ ಉಳಿಯಬೇಕು ಎಂದು ಮಾಡುವ ವ್ಯವಸ್ಥೆ ಇದು.

ಈಗ ಹುಡುಗನ ರೂಟರಿಗೆ ಬರೋಣ. ಮನೆಬಳಕೆಯ ರೂಟರಿನಲ್ಲಿ ಡಿಎಂಜೆಡ್ ಎಂಬ ಗುಂಡಿ ಇದೆಯಲ್ಲ, ಅದು ಜಗುಲಿ ಕಟ್ಟುವುದಿಲ್ಲ! ನೀವು ಒಂದು ಒಳವಿಳಾಸ ಬರೆಯುತ್ತೀರಿ, ಉದಾಹರಣೆಗೆ 192.168.1.10. ಆಮೇಲೆ ಕರೆಯದೆ ಬಂದ ಪೊಟ್ಟಣಗಳನ್ನೆಲ್ಲ, ಯಾವ ಪೋರ್ಟಿನದೇ ಆಗಲಿ, ರೂಟರು ಆ ವಿಳಾಸದ ಯಂತ್ರಕ್ಕೆ ಸಾಗಹಾಕುತ್ತದೆ. ಆ ಯಂತ್ರ ಎಲ್ಲಿದೆ? ಉಳಿದವುಗಳ ಪಕ್ಕದಲ್ಲೇ, ನಡುಮನೆಯಲ್ಲೇ. ಹೊರಗಿನ ಬಾಗಿಲು ಕಿತ್ತಿಟ್ಟು ಬಂದವರನ್ನೆಲ್ಲ ನಡುಮನೆಯ ಚಾಪೆಯ ಮೇಲೆ ಕೂರಿಸಿದ ಹಾಗೆ. ಇದಕ್ಕೆ ಡಿಎಂಜೆಡ್ ಎಂಬ ಹೆಸರಿಟ್ಟವರು ಯಾರೋ ತಿಳಿಯದು, ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ತಪ್ಪು ಹೆಸರು ಇನ್ನೊಂದಿಲ್ಲ.

ಪಕ್ಕದಲ್ಲಿದ್ದರೇನು, ರೂಟರಿನ ಫೈರ್‌ವಾಲ್ ಅವುಗಳ ನಡುವೆ ತಡೆಯುವುದಿಲ್ಲವೆ ಎಂದು ಕೇಳಬಹುದು. ತಡೆಯುವುದಿಲ್ಲ. ಒಂದೇ ಉಪಜಾಲದ ಎರಡು ಯಂತ್ರಗಳು ಮಾತನಾಡುವಾಗ ಪೊಟ್ಟಣಗಳು ಸ್ವಿಚ್ಚಿನ ಮೂಲಕ ನೇರವಾಗಿ ಹೋಗಿಬಿಡುತ್ತವೆ. ಫೈರ್‌ವಾಲಿನ ಕಣ್ಣಿಗೆ ಅವು ಬೀಳುವುದೇ ಇಲ್ಲ. ಕಾವಲುಗಾರ ಗೇಟಿನಲ್ಲಿ ನಿಂತಿರುತ್ತಾನೆ, ಅಡಿಗೆಮನೆಯಿಂದ ದೇವರಮನೆಗೆ ಹೋಗುವವರನ್ನು ಅವನು ಹೇಗೆ ನೋಡಿಯಾನು?

ನಮ್ಮ ಶಾಲೆಯಲ್ಲಿ ಆದದ್ದು ಇದು. ಆವರಣದ ಕ್ಯಾಮೆರಾಗಳ ಚಿತ್ರ ಆಡಳಿತ ಮಂಡಳಿಯವರ ಮೊಬೈಲಿಗೆ ಬರಲೆಂದು, ಕ್ಯಾಮೆರಾ ಹಾಕಲು ಬಂದಿದ್ದವನು ರೆಕಾರ್ಡರ್ ಪೆಟ್ಟಿಗೆಯ ವಿಳಾಸ ನೋಡಿ ಅದನ್ನೇ ಡಿಎಂಜೆಡ್ ಎಂದು ಬರೆದು ಹೋಗಿದ್ದ. ಒಂದು ಪೋರ್ಟ್ ತೆರೆದರೆ ಸಾಕಿತ್ತು, ಎಲ್ಲವನ್ನೂ ತೆರೆದ. ಕೆಲಸ ಬೇಗ ಮುಗಿಯುತ್ತದಲ್ಲ. ಆದರೆ ಆ ವಿಳಾಸ ಪೆಟ್ಟಿಗೆಗೆ ಕಾಯಮ್ಮಾಗಿ ಕೊಟ್ಟದ್ದಾಗಿರಲಿಲ್ಲ, ರೂಟರು ತಾತ್ಕಾಲಿಕವಾಗಿ ಹಂಚಿದ್ದು. ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಆರಿಸಿದ್ದೆವು. ಶಾಲೆ ತೆರೆದ ದಿನ ಕಛೇರಿಯ ಕಂಪ್ಯೂಟರನ್ನು ಮೊದಲು ಹಚ್ಚಿದರು. ರೂಟರು ಆ ಖಾಲಿ ವಿಳಾಸವನ್ನು ಅದಕ್ಕೆ ಕೊಟ್ಟುಬಿಟ್ಟಿತು. ಅಂದಿನಿಂದ ಇಡೀ ಅಂತರ್ಜಾಲದ ಎದುರು ತೆರೆದು ನಿಂತದ್ದು ರೆಕಾರ್ಡರ್ ಪೆಟ್ಟಿಗೆಯಲ್ಲ, ಮಕ್ಕಳ ಅಂಕಗಳಿದ್ದ ಕಂಪ್ಯೂಟರ್. ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಚಾಲೂ ಇತ್ತು. ಗುಪ್ತಪದ ಶಾಲೆಯ ಹೆಸರಿನ ಮುಂದೆ 123. ತೆರೆದ 3389 ಎಲ್ಲಿದೆ ಎಂದು ಲೋಕದ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತವೆ. ನಮ್ಮೂರಿನ ಶಾಲೆ ಯಾರಿಗೆ ಬೇಕು ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಅವು ಊರು ನೋಡುವುದಿಲ್ಲ, ತೆರೆದ ಬಾಗಿಲು ನೋಡುತ್ತವೆ. 2017ರ ಮೇ 12ರಂದು ವನ್ನಾಕ್ರೈ ಎಂಬುದು 445ನೇ ಪೋರ್ಟಿನ ಮೂಲಕ ಹಬ್ಬಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳನ್ನೂ ಬೀಗ ಹಾಕಿದ್ದು ನೆನಪಿರಬಹುದು.

ಆಮೇಲೆ ನಿಜವಾದ ಜಗುಲಿ ಕಟ್ಟಿದೆವು. ಪ್ರಯೋಗಾಲಯದಲ್ಲಿ ಮೂಲೆ ಸೇರಿದ್ದ ಒಂದು ಹಳೆಯ ಕಂಪ್ಯೂಟರಿಗೆ ಮೂರು ನೆಟ್‌ವರ್ಕ್ ಕಾರ್ಡು ಹಾಕಿ, ಐಪಿಫೈರ್ ಎಂಬ ಉಚಿತ ತಂತ್ರಾಂಶ ತುಂಬಿದೆವು. ಮಕ್ಕಳಿಗೆ ಕಲಿಸಲು ಇದು ಒಳ್ಳೆಯದು, ಏಕೆಂದರೆ ಅದರಲ್ಲಿ ವಲಯಗಳಿಗೆ ಬಣ್ಣದ ಹೆಸರುಗಳಿವೆ. ಹೊರಗಿನ ಅಂತರ್ಜಾಲ ಕೆಂಪು, ಒಳಜಾಲ ಹಸಿರು, ಜಗುಲಿ ಕಿತ್ತಳೆ. (ವೈಫೈಗೆ ನೀಲಿ ಎಂದು ನಾಲ್ಕನೆಯದೂ ಉಂಟು.) ಹಸಿರಿಗೆ 192.168.10.1, ಕಿತ್ತಳೆಗೆ 192.168.20.1 ಎಂದು ಎರಡು ಬೇರೆ ಉಪಜಾಲಗಳನ್ನು ಕೊಟ್ಟೆವು. ಹೀಗೆ ಬೇರೆ ಮಾಡುವುದೇ ಇಡೀ ವಿದ್ಯೆಯ ಗುಟ್ಟು. ಈಗ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ ಪೊಟ್ಟಣ ಕಾವಲುಗಾರನ ಮುಂದೆಯೇ ಹಾದುಹೋಗಬೇಕು. ಹಸಿರಿನಿಂದ ಕಿತ್ತಳೆಗೂ ಕೆಂಪಿಗೂ ಹೋಗಬಹುದು. ಕಿತ್ತಳೆಯಿಂದ ಕೆಂಪಿಗೆ ಹೋಗಬಹುದು, ಹಸಿರಿಗೆ ಇಲ್ಲ. ಕೆಂಪಿನಿಂದ ಹಸಿರಿಗೆ ಏನೂ ಇಲ್ಲ; ಕಿತ್ತಳೆಗೆ ನಾವು ಹೆಸರಿಸಿದ ಒಂದು ಪೋರ್ಟ್ ಮಾತ್ರ.

ಕ್ಯಾಮೆರಾ ಪೆಟ್ಟಿಗೆಯನ್ನು ಕಿತ್ತಳೆಯಲ್ಲಿಟ್ಟು, ಅದಕ್ಕೊಂದು ಕಾಯಂ ವಿಳಾಸ ಕೊಟ್ಟು, ಕೈ ತೊಳೆದುಕೊಂಡೆವು ಎಂದುಕೊಂಡೆ. ಕಿತ್ತಳೆಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು ಕಛೇರಿಯ ಪ್ರಿಂಟರಿಗೆ ಪಿಂಗ್ ಕಳಿಸಿ ನೋಡಿದೆವು, ಉತ್ತರ ಬರಲಿಲ್ಲ. ಎಲ್ಲರಿಗೂ ಸಂತೋಷ. ಆಗ ಹತ್ತನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಲ್ಯಾಪ್‌ಟಾಪಿನ ವಿಳಾಸವನ್ನು ನಾವೇ ಬದಲಾಯಿಸಿಬಿಟ್ಟರೆ?" ಎಂದಳು. ಮಾಡು ಎಂದೆ. ಅವಳು 192.168.10.50 ಎಂದು ಕೈಯಲ್ಲೇ ಬರೆದಳು. ಪಿಂಗ್ ಕಳಿಸಿದಳು. ಪ್ರಿಂಟರು ಠಣ್ಣನೆ ಉತ್ತರ ಕೊಟ್ಟಿತು!

ಕಾರಣ ಹುಡುಕಿದರೆ, ಹಸಿರಿನ ತಂತಿಯನ್ನೂ ಕಿತ್ತಳೆಯ ತಂತಿಯನ್ನೂ ನಾನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ್ದೆ. ಕಾಗದದ ಮೇಲೆ ಎರಡು ಜಾಲ, ತಂತಿಯಲ್ಲಿ ಒಂದೇ. ಮೂವತ್ತು ವರ್ಷ ವಿದ್ಯುತ್ ಮಂಡಲ ಪಾಠ ಮಾಡಿದವನು ಮಾಡುವ ತಪ್ಪೇ ಇದು? ಅಂದೇ ಸಂಜೆ ಇನ್ನೊಂದು ಸ್ವಿಚ್ಚು ಕೊಂಡು ತಂದೆವು. ವಿಎಲ್ಯಾನ್ ಬಲ್ಲ ಸ್ವಿಚ್ಚಾದರೆ ಒಂದರಲ್ಲೇ ಎರಡು ಜಾಲಗಳನ್ನು ಬೇರ್ಪಡಿಸಬಹುದು. ಆದರೆ ಹೊಸಬರಿಗೆ ಎರಡು ಸ್ವಿಚ್ಚು, ಎರಡು ಬಣ್ಣದ ತಂತಿಯೇ ವಾಸಿ, ಕಣ್ಣಿಗೆ ಕಾಣುತ್ತದೆ. ಕೆಲವು ತಿಂಗಳ ಮೇಲೆ ಆ ಒಂದು ಪೋರ್ಟನ್ನೂ ಮುಚ್ಚಿದೆವು. ಆಡಳಿತ ಮಂಡಳಿಯವರು ಈಗ ವಿಪಿಎನ್ ಎಂಬ ಗುಪ್ತಮಾರ್ಗದಿಂದ, ಕೀಲಿಕೈ ಇಟ್ಟುಕೊಂಡು ಬರುತ್ತಾರೆ. ಮೊದಮೊದಲು ಗೊಣಗಿದರು, ಈಗ ಅಭ್ಯಾಸವಾಗಿದೆ.

ಮನೆಗೆ ಇಷ್ಟೆಲ್ಲ ಬೇಕೆ? ಬೇಡ. ಆದರೆ ಇಂದಿನ ಮನೆಯಲ್ಲೂ ಬಳೆಗಾರರು ಬಂದು ಕೂತಿದ್ದಾರೆ: ಟಿ.ವಿ., ಕ್ಯಾಮೆರಾ, ಮೊಬೈಲಿನ ಮಾತು ಕೇಳುವ ದೀಪ. ಇವುಗಳ ತಂತ್ರಾಂಶವನ್ನು ತಯಾರಕರು ಎಷ್ಟು ವರ್ಷ ರಿಪೇರಿ ಮಾಡುತ್ತಾರೋ ಹೇಳಲಾಗದು. 2016ರಲ್ಲಿ ಮಿರಾಯ್ ಎಂಬ ಕ್ರಮವಿಧಿ ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಗುಪ್ತಪದಗಳ ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತು. ಅವುಗಳ ಹಾವಳಿಯಿಂದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಆದ್ದರಿಂದ ಪೋಷಕರು ಮೊದಲು ಮಾಡಬೇಕಾದ್ದು ರೂಟರಿನ ಆಡಳಿತದ ಗುಪ್ತಪದ ಬದಲಿಸುವುದು. ವೈಫೈ ಗುಪ್ತಪದ ಬೇರೆ, ಇದು ಬೇರೆ. ಎರಡನೆಯದಾಗಿ, ಈಚಿನ ಅನೇಕ ರೂಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಸೌಲಭ್ಯ ಇದೆ. ಅದೇ ಬಡವರ ಜಗುಲಿ. ಟಿ.ವಿ., ಕ್ಯಾಮೆರಾಗಳನ್ನು ಅದಕ್ಕೆ ಸೇರಿಸಿ, ಕಂಪ್ಯೂಟರನ್ನು ಮುಖ್ಯ ಜಾಲದಲ್ಲಿಡಿ. ಅತಿಥಿಗಳು ಒಳಜಾಲವನ್ನು ನೋಡಬಹುದು ಎಂಬ ಅರ್ಥದ ಚೌಕ ಇದ್ದರೆ ಅದರ ಗುರುತು ತೆಗೆಯಿರಿ.

ಜಗುಲಿ ನಿಜವಾಗಿ ಬೇರೆಯಾಗಿದೆಯೆ ಎಂದು ಪಿಂಗ್ ಮಾಡಿ ಪರೀಕ್ಷಿಸುವಾಗ ಒಂದು ಎಚ್ಚರ. ಉತ್ತರ ಬರಲಿಲ್ಲ ಎಂದು ಹಿಗ್ಗಬೇಡಿ. ಅನೇಕ ವಿಂಡೋಸ್ ಕಂಪ್ಯೂಟರುಗಳು ಯಾರ ಪಿಂಗ್‌ಗೂ ಉತ್ತರ ಕೊಡುವುದಿಲ್ಲ. ಮೊದಲು ಮುಖ್ಯ ಜಾಲದೊಳಗಿನಿಂದಲೇ ಪಿಂಗ್ ಮಾಡಿ, ಉತ್ತರ ಕೊಡುವ ಯಂತ್ರ ಯಾವುದೆಂದು ನೋಡಿಕೊಳ್ಳಿ. ಆಮೇಲೆ ಗೆಸ್ಟ್ ಜಾಲಕ್ಕೆ ಹೋಗಿ ಅದೇ ಯಂತ್ರಕ್ಕೆ ಕಳಿಸಿ. ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಕಪ್ಪು ಕಾಗದ ಸುತ್ತಿದ ಎಲೆಯ ಜೊತೆಗೆ ಸುತ್ತದ ಎಲೆಯನ್ನೂ ಪರೀಕ್ಷಿಸುತ್ತೇವಲ್ಲ, ಅದೇ ಕ್ರಮ.

ಹುಡುಗನ ಕಥೆ ಉಳಿಯಿತು. ಒಂದು ಭಾನುವಾರ ಅವರ ಮನೆಗೇ ಹೋದೆ. "ಏನು ಮೇಷ್ಟ್ರೇ, ಇವನೇನಾದರೂ ಕಿತಾಪತಿ ಮಾಡಿದನಾ?" ಎಂದು ಅವರ ತಂದೆ ಗಾಬರಿಯಾದರು. ಏನಿಲ್ಲ, ಪಾಠ ಎಂದೆ. ರೂಟರಿನ ಪುಟ ತೆರೆಸಿ, ಹೊರಗಿನ ವಿಳಾಸ ಏನಿದೆ ಓದು ಎಂದೆ. 100.72 ಎಂದು ಶುರುವಾಗಿತ್ತು. 100.64ರಿಂದ 100.127ರ ವರೆಗಿನ ವಿಳಾಸಗಳು ಸೇವೆ ಕೊಡುವ ಕಂಪನಿಯ ಒಳಬಳಕೆಗೆಂದು 2012ರಲ್ಲಿ ಮೀಸಲಿಟ್ಟವು. ಅಂದರೆ ಕಂಪನಿಯವರು ಎಷ್ಟೋ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದ್ದಾರೆ. ಹೊರಗಿನ ಪೊಟ್ಟಣ ಕರೆಯದೆ ಇವನ ರೂಟರಿನ ತನಕ ಬರುವುದೇ ಇಲ್ಲ, ಡಿಎಂಜೆಡ್ ಗುಂಡಿ ಒತ್ತಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

"ಮತ್ತೆ ಗೇಮು ಚೆನ್ನಾಗಿ ಓಡ್ತಿದೆಯಲ್ಲ ಸಾರ್?"

ಸಕ್ಕರೆ ಗುಳಿಗೆ ನುಂಗಿ ಜ್ವರ ಬಿಟ್ಟಿತು ಎನ್ನುವವರ ಕಥೆ ಹೇಳಿದೆ. ಆದರೆ ಕಂಪನಿ ನಾಳೆ ಸಾರ್ವಜನಿಕ ವಿಳಾಸ ಕೊಟ್ಟರೆ, ಅಥವಾ ಅವರ ತಂದೆಯೇ ಕ್ಯಾಮೆರಾಗೆಂದು ಕೇಳಿ ಪಡೆದರೆ, ಆ ಗುಂಡಿ ಜೀವ ತಳೆಯುತ್ತದೆ, ಯಾರಿಗೂ ನೆನಪಿರುವುದಿಲ್ಲ. ಹಾಗೆಂದಾಗ ಹುಡುಗ ಗುರುತು ತೆಗೆದು ಸೇವ್ ಒತ್ತಿದ. ರೂಟರು ಆರಿ ಹತ್ತಿತು. ಒಳಗಿನಿಂದ ಅವರಜ್ಜಿ, "ಧಾರಾವಾಹಿ ನಿಂತೋಯ್ತಲ್ಲೋ!" ಎಂದು ಕೂಗಿಕೊಂಡರು.

ಈ ವಾರದ ಪ್ರಶ್ನೆ: ಮನೆಯಲ್ಲಿ ಒಂದೇ ಪ್ರಿಂಟರ್ ಇದೆ. ಮುಖ್ಯ ಜಾಲದ ಕಂಪ್ಯೂಟರಿನಿಂದಲೂ, ಗೆಸ್ಟ್ ಜಾಲದಲ್ಲಿರುವ ನೆಂಟರ ಮೊಬೈಲಿನಿಂದಲೂ ಅದಕ್ಕೆ ಮುದ್ರಣ ಕಳಿಸಬೇಕು. ಪ್ರಿಂಟರನ್ನು ಎಲ್ಲಿ ಇಡುವಿರಿ? ಯಾವ ದಿಕ್ಕಿನ ಬಾಗಿಲು ತೆರೆಯುವಿರಿ, ಯಾವುದನ್ನು ಮುಚ್ಚುವಿರಿ? ಚಿತ್ರ ಬರೆದು, ಕಾರಣ ಸಹಿತ ಪುರವಣಿಯ ವಿಳಾಸಕ್ಕೆ ಕಳಿಸಿ. ತರಗತಿಯನ್ನು ನಮೂದಿಸಲು ಮರೆಯಬೇಡಿ.